ಹಳೆ ಅಂಬಾಸಡರ್ ತಳಕ್ಕೆ ಡಾಂಬರು ಕೋಟಿಂಗಾ, ಮೇಣದ ಸ್ಪ್ರೇನಾ?

ಮೂಡಿಗೆರೆ, ಕೊಟ್ಟಿಗೆಹಾರದ ಮಳೆಯಲ್ಲಿ ಹಳೆ ಕಾರು ಓಡಿಸುವವರಿಗೆ ತಳ ತುಕ್ಕು ಹಿಡಿಯದಿರಲಿ ಅಂತ ಗ್ಯಾರೇಜಿನಲ್ಲಿ ಮೊದಲು ಹೇಳುವುದು ಡಾಂಬರು ಕೋಟಿಂಗ್. ಗಟ್ಟಿ ಪದರ, ಎಸ್ಟೇಟ್ ರಸ್ತೆಯ ಜಲ್ಲಿ ಬಡಿದರೂ ತಡೆದುಕೊಳ್ಳುತ್ತದೆ. ಆದರೆ ತುಕ್ಕಿನ ಮೇಲೇ ಬಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಒಣಗಿ ಬಿರುಕು ಬಿಟ್ಟ ಮೇಲೆ ನೀರು ಒಳಗೆ ಸೇರಿಕೊಂಡು ಅಲ್ಲೇ ಕೂರುತ್ತದೆ, ಹೊರಗಿಂದ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮಾತ್ರ ಟಣ್ ಅನ್ನಬೇಕಾದ ತಗಡು ಡಬ್ ಅನ್ನುತ್ತದೆ.

ಮೇಣದ ಸ್ಪ್ರೇ ಹಾಗಲ್ಲ. ತೆಳು ಕೊಳವೆ ತೂರಿಸಿ ಬಾಗಿಲ ಕೆಳಗಿನ ಟೊಳ್ಳು ಭಾಗಕ್ಕೆ ಹೊಡೆದರೆ ಬೆಸುಗೆಯ ಸಂದಿಗೂ ಇಳಿಯುತ್ತದೆ. ಕಣ್ಣಿಗೆ ಕಾಣದ ತುಕ್ಕು ಶುರುವಾಗುವುದು ಅಲ್ಲೇ ಅಲ್ವಾ? ಚಕ್ರದ ನೀರು ಬಡಿಯುವ ಕಡೆ ಬೇಗ ತೊಳೆದುಹೋಗುತ್ತದೆ, ಮಳೆಗಾಲಕ್ಕೆ ಮುಂಚೆ ಪ್ರತಿ ಸಲ ನೋಡಲೇಬೇಕು.

ನನ್ನ ಆಯ್ಕೆ ಕೇಳಿದರೆ ಒಳಗೆಲ್ಲ ಮೇಣ. ಮಡ್‌ಗಾರ್ಡ್ ಒಳಬದಿಗೆ ಮಾತ್ರ ಡಾಂಬರು, ಅದೂ ಬರಿ ತಗಡು ಕಾಣುವಷ್ಟು ಉಜ್ಜಿ ಪ್ರೈಮರ್ ಹೊಡೆದ ಮೇಲೆ. ತೂತಾದ ಕಡೆ ಸುಮ್ನೆ ಪುಟ್ಟಿ ಮೆತ್ತಿಸಬೇಡಿ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಮೊದಲು, ಮೇಣ ಆಮೇಲೆ. ಉಲ್ಟಾ ಆದರೆ ಬೆಂಕಿ ಹತ್ತಬಹುದು. ಯಾವುದೇ ಹೊಡೆಸಿ, ಬಾಗಿಲ ತಳದಲ್ಲಿ ನೀರು ಇಳಿಯುವ ತೂತು ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ.