ಸರ್ಕ್ಯೂಟ್ ಬೋರ್ಡಿಗೆ ತಾಮ್ರದ ಲೇಯರ್ ಎರಡು ಸಾಕಾ, ನಾಲ್ಕು ಬೇಕಾ, ಇಲ್ಲ ಸಿಗ್ನಲ್ ಹೋಗೋ ತಾಮ್ರದ ಗೆರೆನೇ (ಟ್ರೇಸ್) ಒಳಗಿನ ಲೇಯರಲ್ಲಿ ಹೂತುಬಿಡೋದಾ?

ತುಮಕೂರಲ್ಲಿ ಬೋರ್ಡ್ ಡಿಸೈನ್ ಕಲೀತಿರೋ ಹುಡುಗ್ರು ಪದೇ ಪದೇ ಇದನ್ನೇ ಕೇಳ್ತಾರೆ, ಅದಕ್ಕೆ ನಾನು ಓಡ್ಸಿ ನೋಡಿದ್ದನ್ನ ಬರೀತಿದೀನಿ. ಕೆಲಸ ಏನು ಅಂದ್ರೆ ತಿಪಟೂರು ಕಡೆ ಉಂಡೆ ಕೊಬ್ಬರಿಲಿ ಒಳ್ಳೇದು ಕೆಟ್ಟದ್ದು ಬೇರೆ ಮಾಡೋ ಮೆಷಿನ್‌ಗೆ ಬೋರ್ಡ್, ಕ್ಯಾಮೆರಾ ಯುಎಸ್‌ಬಿ 2.0 ಮೇಲೆ ಸೆಕೆಂಡ್‌ಗೆ 480 ಮೆಗಾಬಿಟ್ ಸ್ಪೀಡಲ್ಲಿ ಮಾತಾಡುತ್ತೆ, ಪಕ್ಕದಲ್ಲೇ ಕೆಟ್ಟ ಕೊಬ್ಬರಿನ ಗಾಳಿ ಊದಿ ಆಚೆ ತಳ್ಳೋ ಸೊಲೆನಾಯ್ಡ್ ವಾಲ್ವ್‌ಗಳು (ಕರೆಂಟ್ ಕೊಟ್ಟು ತೆರೆದು ಮುಚ್ಚೋವು). ಒಂದೇ ಸರ್ಕ್ಯೂಟು, ಮೂರು ಥರ ಲೇಔಟ್.

ಮೊದಲು ಎರಡು ಲೇಯರ್, 1.6 ಎಂಎಂ ದಪ್ಪದ ಮಾಮೂಲಿ ಬೋರ್ಡು. ರೇಟ್ ಕಮ್ಮಿ, ಬೇಗ ಕೈಗೆ ಸಿಗುತ್ತೆ. ಆದ್ರೆ ಗ್ರೌಂಡ್, ಅಂದ್ರೆ ಕರೆಂಟ್ ವಾಪಸ್ ಬರೋ ತಾಮ್ರ, ಇರೋದು ಆ ಕಡೆ ಮುಖದಲ್ಲಿ, ಅಷ್ಟು ದೂರಕ್ಕೆ ಒಂಟಿ ಟ್ರೇಸಲ್ಲಿ 50 ಓಮ್ ಇಂಪೀಡೆನ್ಸ್ (ವೇಗದ ಸಿಗ್ನಲ್‌ಗೆ ಟ್ರೇಸ್ ತೋರಿಸೋ ತಡೆ) ಬೇಕು ಅಂದ್ರೆ ಹತ್ತಿರತ್ತಿರ 3 ಎಂಎಂ ಅಗಲ ಹಾಕ್ಬೇಕು, ಕನೆಕ್ಟರ್ ಪಿನ್ನೇ ಅಷ್ಟಿರಲ್ಲ. ಹಂಗಾಗಿ ಯುಎಸ್‌ಬಿಗೆ ಬೇಕಾದ 90 ಓಮ್ ಡಿಫರೆನ್ಷಿಯಲ್ ಇಂಪೀಡೆನ್ಸ್ (ಜೋಡಿ ಟ್ರೇಸ್‌ಗಳ ನಡುವಿನದು) ತರೋಕೆ ಜೋಡಿ ಟ್ರೇಸ್‌ನ ಒತ್ತೊತ್ತಾಗಿ ಇಟ್ಟು ಎರಡೂ ಪಕ್ಕಕ್ಕೆ ಗ್ರೌಂಡ್ ಕಾಪರ್ ತಂದು ಸಾಲಾಗಿ ವಯಾ (ಲೇಯರ್‌ಗಳನ್ನ ಸೇರಿಸೋ ತಾಮ್ರ ಹಚ್ಚಿದ ತೂತು) ಹೊಡೆದೆ. ಟೇಬಲ್ ಮೇಲೆ ಗಂಟೆಗಟ್ಲೆ ವಿಡಿಯೋ ಬಂತು, ಒಂದು ತಕರಾರಿಲ್ಲ. ಮೆಷಿನ್‌ಗೆ ಕೂರಿಸಿದ ಮೇಲೆ, ಮೂರ್ನಾಲ್ಕು ವಾಲ್ವ್ ಒಟ್ಟಿಗೆ ಟಪ್ ಅಂದಾಗ ಚಿತ್ರ ನಿಂತುಬಿಡೋದು, ಲಾಗ್ ತೆಗೆದು ನೋಡಿದ್ರೆ ಯುಎಸ್‌ಬಿ ಡಿಸ್ಕನೆಕ್ಟ್ ಅಂತ ಒಂದು ಸಾಲು, ಕೆಳಗೇ ಮತ್ತೆ ಕನೆಕ್ಟ್ ಆದ ಸಾಲು, ಅಷ್ಟರಲ್ಲಿ ಬೂಷ್ಟು ಹಿಡಿದ ಕೊಬ್ಬರಿ ಒಳ್ಳೇ ರಾಶಿಗೆ ಬಿದ್ದಾಗಿರುತ್ತೆ.

ಎರಡು ಲೇಯರಲ್ಲಿ ಕೆಳಗಡೆ ಮುಖದಲ್ಲೂ ಬೇರೆ ಲೈನ್ ಎಳೀಲೇಬೇಕು, ಅಲ್ಲಿಗೆ ಗ್ರೌಂಡ್ ತುಂಡು ತುಂಡಾಯ್ತು ಅಂತಾನೇ ಲೆಕ್ಕ. ಹೋದ ಕರೆಂಟು ವಾಪಸ್ ಬರ್ಬೇಕಲ್ಲ, ಈ ಸ್ಪೀಡಲ್ಲಿ ಅದು ಟ್ರೇಸ್‌ನ ನೇರ ಕೆಳಗಿರೋ ಗ್ರೌಂಡಲ್ಲೇ ಬರೋಕೆ ನೋಡುತ್ತೆ, ಅಲ್ಲಿ ಸೀಳು ಇದ್ರೆ ಸುತ್ತು ಹಾಕ್ಕೊಂಡು ಬರುತ್ತೆ, ಆ ಸುತ್ತು ದೊಡ್ಡದಾದಷ್ಟೂ ವಾಲ್ವ್‌ನ ಗಲಾಟೆ ಒಳಗೆ ನುಗ್ಗುತ್ತೆ.

ನಾಲ್ಕು ಲೇಯರಲ್ಲಿ ಜೋಡಿ ಟ್ರೇಸ್ ಮೇಲಿನ ಲೇಯರಲ್ಲೇ, ಎರಡನೇ ಲೇಯರ್ ಪೂರ್ತಿ ಗ್ರೌಂಡ್, ಅದರಲ್ಲಿ ಒಂದು ಗೀಟೂ ಎಳೀಲಿಲ್ಲ. ನಡುವೆ ಇರೋದು ಬರೀ 0.2 ಎಂಎಂ, ಹಂಗಾಗಿ 50 ಓಮ್ ಲೈನು ಹೆಚ್ಚುಕಮ್ಮಿ 0.35 ಎಂಎಂಗೆ ಇಳಿಯುತ್ತೆ, ರೂಟ್ ಮಾಡೋದೇ ಒಂದು ಖುಷಿ. ಅದೇ ಕ್ಯಾಮೆರಾ, ಅದೇ ವಾಲ್ವು, ಡಿಸ್ಕನೆಕ್ಟ್ ಅನ್ನೋ ಮಾತೇ ಇಲ್ಲ. ಬೋರ್ಡ್ ರೇಟ್ ಜಾಸ್ತಿ ನಿಜ, ಆದ್ರೆ ಮೆಷಿನ್ ನಿಂತಿದೆ ಅಂತ ಫೋನ್ ಬಂದು ಇಲ್ಲಿಂದ ತಿಪಟೂರಿಗೆ ಓಡಿದ್ರೆ ಆ ಉಳಿತಾಯ ಒಂದೇ ದಿನಕ್ಕೆ ಹೋಯ್ತು.

ಮೂರನೇದು ಜೋಡಿನ ಒಳಗಿನ ಲೇಯರಿಗೆ ಇಳಿಸಿ ಮೇಲೂ ಕೆಳಗೂ ಗ್ರೌಂಡ್ ಹೊದಿಸಿದ್ದು. ಪಕ್ಕದ ಲೈನ್‌ನ ಸದ್ದು ತಗಲೋದು ಇದರಲ್ಲಿ ಕಮ್ಮಿ, ಸಿಗ್ನಲ್ ಸ್ವಲ್ಪ ನಿಧಾನ, ಮೇಲೆ ಮಿಲಿಮೀಟರಿಗೆ ಸುಮಾರು 6 ಪಿಕೋಸೆಕೆಂಡ್ ಆದ್ರೆ ಒಳಗೆ 7. ಆದ್ರೆ ಬರೀ ನಾಲ್ಕು ಲೇಯರಲ್ಲಿ ಇದು ಕಷ್ಟ ಕಣ್ರಿ, ಹೊರಗಿನ ಗ್ರೌಂಡನ್ನ ಕಾಂಪೊನೆಂಟ್ ಕೂರೋ ಪ್ಯಾಡ್‌ಗಳೇ ತಿಂದುಹಾಕ್ತವೆ, ವಯಾ ಇಳಿಸಿದ ಕಡೆಯೆಲ್ಲ ಪಕ್ಕದಲ್ಲಿ ಗ್ರೌಂಡ್ ವಯಾನೂ ಬೇಕು. ಯುಎಸ್‌ಬಿ 2.0ಗೆ ಇದರಿಂದ ನಂಗೆ ಏನೂ ಲಾಭ ಕಾಣಲಿಲ್ಲ. ಆರು ಲೇಯರ್ ಇದ್ದು 5 ಗಿಗಾಬಿಟ್ ಲೈನ್‌ಗಳು ಉದ್ದಕ್ಕೆ ಅಕ್ಕಪಕ್ಕ ಓಡೋದಾದ್ರೆ ಒಳಗೇ ಹಾಕ್ತೀನಿ.

ಇನ್ನೊಂದು ಹೇಳ್ಲೇಬೇಕು. ಎರಡು ಟ್ರೇಸ್‌ನ ಉದ್ದ 0.1 ಎಂಎಂಗೆ ಸರಿಹೊಂದಿಸೋಕೆ ಹಾವು ಹರಿದಂಗೆ ಬಳಸಿ ಬಳಸಿ ಎಳೆದು, ಅದೇ ಜೋಡಿನ ಸೀಳಿರೋ ಗ್ರೌಂಡ್ ಮೇಲೆ ದಾಟಿಸ್ತಾರೆ. 1 ಎಂಎಂ ವ್ಯತ್ಯಾಸ ಅಂದ್ರೆ 6-7 ಪಿಕೋಸೆಕೆಂಡು, ಇಲ್ಲಿ ಒಂದು ಬಿಟ್ ಹೋಗೋ ಹೊತ್ತೇ 2000 ಪಿಕೋಸೆಕೆಂಡ್ ಮೇಲಿದೆ, ಉದ್ದ ಸರಿಹೊಂದಿಸೋ ಟೈಮನ್ನ ಗ್ರೌಂಡ್ ಸರಿಮಾಡೋಕೆ ಕೊಡಿ.

ಹಂಗಂತ ಎರಡು ಲೇಯರ್ ಬೇಡ್ವೇ ಬೇಡ ಅಂತಲ್ಲ, 12 ಮೆಗಾಬಿಟ್ ಯುಎಸ್‌ಬಿ ಇದ್ದು ಚಿಪ್ ಕನೆಕ್ಟರ್ ಪಕ್ಕದಲ್ಲೇ ಕೂತಿದ್ರೆ ಧಾರಾಳವಾಗಿ ಹಾಕಿ. ನಾಲ್ಕು ಲೇಯರ್‌ಗೆ ಹೋಗೋರು ಮಾತ್ರ ಬೋರ್ಡ್ ಮಾಡೋರ ಹತ್ರ ಅವರ ಸ್ಟ್ಯಾಕಪ್ ಶೀಟ್ (ಯಾವ ಲೇಯರ್ ಎಷ್ಟು ದಪ್ಪ ಅನ್ನೋ ಪಟ್ಟಿ) ಮೊದ್ಲೇ ಇಸ್ಕೊಂಡು, ಅದರಲ್ಲಿರೋ ದಪ್ಪನೇ ಬೋರ್ಡ್ ಡಿಸೈನ್ ಸಾಫ್ಟ್‌ವೇರ್ ಕೀಕ್ಯಾಡ್‌ನ ಕ್ಯಾಲ್ಕುಲೇಟರ್‌ಗೆ ಕೊಟ್ಟು, ಆಮೇಲೆ ಟ್ರೇಸ್ ಅಗಲ ಫಿಕ್ಸ್ ಮಾಡಿ.