ಕ್ಯಾಡಿ ಸರ್ವರ್: ಕ್ಯಾಡಿಫೈಲ್ ಸಾಕೇ, ಜೇಸನ್ ಬೇಕೇ?

ಕ್ಯಾಡಿ ವೆಬ್ ಸರ್ವರ್‌ನ ಎರಡನೆಯ ಆವೃತ್ತಿ 2020ರ ಮೇ ತಿಂಗಳಲ್ಲಿ ಬಂದಾಗಿನಿಂದ ಅದರ ಕಾನ್ಫಿಗರೇಶನ್ನಿನ (ಸರ್ವರ್ ಹೇಗೆ ನಡೆಯಬೇಕೆಂಬ ಸೂಚನೆಗಳ) ಮೂಲ ರೂಪ ಜೇಸನ್ (JSON), ಅಂದರೆ ಹೆಸರು-ಮೌಲ್ಯಗಳ ಜೋಡಿಗಳನ್ನು ಆವರಣಗಳೊಳಗೆ ಬರೆಯುವ ದತ್ತಾಂಶ ರೂಪ. ಕ್ಯಾಡಿಫೈಲ್ ಎಂಬ ಹಳೆಯ, ಸರಳ ರೂಪವೂ ಉಳಿದುಕೊಂಡಿದೆ. ಅದರಲ್ಲಿ ಬರೆದದ್ದನ್ನು ಒಂದು ಅಡಾಪ್ಟರ್ ಜೇಸನ್‌ಗೆ ಬದಲಾಯಿಸಿ ಸರ್ವರ್‌ಗೆ ಒಪ್ಪಿಸುತ್ತದೆ. ಐದು ಸೈಟುಗಳಿರುವ ಒಂದು ಸರ್ವರನ್ನು ನೋಡಿಕೊಳ್ಳುವ ನಾನು ಎರಡನ್ನೂ ಬಳಸಿದ್ದೇನೆ. ಕೈಯಿಂದ ಬರೆಯುವವರಿಗೆ ಕ್ಯಾಡಿಫೈಲೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಸಾಲಿನಲ್ಲಿ ಡೊಮೇನ್ ಹೆಸರು, ಎರಡನೆಯದರಲ್ಲಿ ರಿವರ್ಸ್ ಪ್ರಾಕ್ಸಿ (ಬಂದ ವಿನಂತಿಯನ್ನು ಹಿಂದಿರುವ ಇನ್ನೊಂದು ಪ್ರೋಗ್ರಾಮಿಗೆ ದಾಟಿಸುವುದು) ಎಂಬ ನಿರ್ದೇಶನ ಮತ್ತು ಲೋಕಲ್‌ಹೋಸ್ಟ್‌ನ (ಅಂದರೆ ಅದೇ ಯಂತ್ರದ) 3000ನೆಯ ಪೋರ್ಟ್, ಇಷ್ಟು ಬರೆದರೆ ಸೈಟು ಸಿದ್ಧ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ಕ್ಯಾಡಿ ತಾನೇ ಪಡೆದು, ಅವಧಿ ಮುಗಿಯುವ ಮುನ್ನ ತಾನೇ ನವೀಕರಿಸುತ್ತದೆ. ಇದೇ ಎರಡು ಸಾಲನ್ನು 'ಕ್ಯಾಡಿ ಅಡಾಪ್ಟ್' ಆಜ್ಞೆಯಿಂದ ಜೇಸನ್‌ಗೆ ತಿರುಗಿಸಿ, ಓದಲು ಅನುಕೂಲವಾಗುವಂತೆ ಬಿಡಿಸಿ ನೋಡಿದರೆ ಸುಮಾರು 40 ಸಾಲಾಗುತ್ತದೆ. ಉದ್ದಕ್ಕಿಂತಲೂ ನನ್ನನ್ನು ಕಾಡುವುದು ಟಿಪ್ಪಣಿಯ ಕೊರತೆ. ಯಾವ ಪೋರ್ಟಿನಲ್ಲಿ ಯಾವ ಸೇವೆ ಇದೆ, ಯಾವ ಸಾಲನ್ನು ಏಕೆ ಸೇರಿಸಿದೆ ಎಂಬುದನ್ನು ಕ್ಯಾಡಿಫೈಲಿನಲ್ಲಿ ಹ್ಯಾಷ್ ಚಿಹ್ನೆಯ ಮುಂದೆ ಬರೆದಿಡುತ್ತೇನೆ. ಜೇಸನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ, ಕೊನೆಯಲ್ಲೊಂದು ಅಲ್ಪವಿರಾಮ ಹೆಚ್ಚಾದರೂ ಕಡತ ತಿರಸ್ಕೃತವಾಗುತ್ತದೆ.

ಕ್ಯಾಡಿಫೈಲಿನಲ್ಲೂ ಎಚ್ಚರ ಬೇಕಾದ ಒಂದು ಜಾಗವಿದೆ. ನಿರ್ದೇಶನಗಳು ನಾವು ಬರೆದ ಕ್ರಮದಲ್ಲಿ ನಡೆಯದೆ, ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ನಡೆಯುತ್ತವೆ. ರಿವರ್ಸ್ ಪ್ರಾಕ್ಸಿಯನ್ನು ಮೇಲೆ ಬರೆದು, ಅದರ ಕೆಳಗೆ ಯಾವ ಷರತ್ತೂ ಇಲ್ಲದ ರೆಸ್ಪಾಂಡ್ (ಕ್ಯಾಡಿಯೇ ನೇರವಾಗಿ ಉತ್ತರ ಕೊಡುವ ನಿರ್ದೇಶನ) ಸಾಲನ್ನು ಬರೆದರೆ, ಬಂದ ಎಲ್ಲ ವಿನಂತಿಗಳಿಗೂ ರೆಸ್ಪಾಂಡ್ ಉತ್ತರಿಸಿಬಿಡುತ್ತದೆ. ಬರೆದ ಕ್ರಮವೇ ಬೇಕಿದ್ದರೆ ಅವುಗಳನ್ನು ರೂಟ್ (route) ಬ್ಲಾಕಿನೊಳಗೆ ಇಡಬೇಕು. ಹೊಸಬರು ಇದನ್ನು ಮೊದಲ ದಿನವೇ ತಿಳಿದುಕೊಳ್ಳಲಿ ಎಂದು ಒತ್ತಿ ಹೇಳುತ್ತೇನೆ.

ಹೊಸ ಗ್ರಾಹಕರು ಸೇರಿದಂತೆಲ್ಲ ಪ್ರೋಗ್ರಾಮೊಂದು ತಾನಾಗಿ ಡೊಮೇನ್‌ಗಳನ್ನು ಸೇರಿಸಬೇಕಾದ ಕಡೆ ಮಾತ್ರ ಜೇಸನ್ನೇ ಯೋಗ್ಯ. 2019ನೆಯ ಪೋರ್ಟಿನಲ್ಲಿರುವ ಆಡಳಿತ ಎಪಿಐ (ಬೇರೆ ಪ್ರೋಗ್ರಾಮುಗಳು ಕ್ಯಾಡಿಗೆ ಆಜ್ಞೆ ಕೊಡುವ ದಾರಿ) ಮೂಲಕ ಸರ್ವರ್ ನಿಲ್ಲಿಸದೆಯೇ ಬೇಕಾದ ಭಾಗವನ್ನಷ್ಟೇ ಬದಲಿಸಬಹುದು. ಆದರೆ ಒಂದೇ ಸರ್ವರ್‌ನಲ್ಲಿ ಎರಡನ್ನೂ ಬೆರೆಸಬಾರದು. ಎಪಿಐ ಮೂಲಕ ಮಾಡಿದ ಬದಲಾವಣೆ ಕ್ಯಾಡಿಫೈಲಿಗೆ ಮರಳಿ ಬರುವುದಿಲ್ಲವಾದ್ದರಿಂದ, ಮುಂದಿನ ಸಲ ಆ ಕಡತವನ್ನು ರೀಲೋಡ್ ಮಾಡಿದ ಕೂಡಲೇ ಅದು ಅಳಿಸಿಹೋಗುತ್ತದೆ.