ಫೋನಿನಲ್ಲಿ, ವಿಡಿಯೊದಲ್ಲಿ ಡಾಕ್ಟರಿಗೆ ತೋರಿಸಿದ ಒಂದೂವರೆ ವರ್ಷ

ಹುಷಾರಿಲ್ಲದವರನ್ನು ಕಂಡಾಗ ನಾವು ಮೊದಲು ಕೇಳುವುದು ‘ಡಾಕ್ಟರಿಗೆ ತೋರಿಸಿದಿರಾ’ ಎಂದು. ‘ಹೇಳಿದಿರಾ’ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯವರು ಹೋಗುವ ಕ್ಲಿನಿಕ್ಕಿನ ಫೋನ್ ಮತ್ತು ವಿಡಿಯೊ ಸಮಾಲೋಚನೆಯನ್ನು ನಾನು, ನನ್ನ ತಾಯಿ ಮತ್ತು ನಾಲ್ಕು ವರ್ಷದ ಮಗಳು ಒಂದೂವರೆ ವರ್ಷದಿಂದ ಬಳಸುತ್ತಿದ್ದೇವೆ. ಈ ಅವಧಿಯಲ್ಲಿ ತೋರಿಸುವುದಕ್ಕೂ ಹೇಳುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಗಿದೆ. ಸಮಯ ಉಳಿಯಿತು, ಓಡಾಟ ತಪ್ಪಿತು ಎಂಬ ಅನುಕೂಲಗಳನ್ನು ಎಲ್ಲರೂ ಬಲ್ಲರು. ನಾನು ಇಲ್ಲಿ ಹೇಳಬೇಕೆಂದಿರುವುದು ಈ ಸೇವೆ ಎಷ್ಟರ ಮಟ್ಟಿಗೆ ಸುರಕ್ಷಿತ ಎಂಬುದನ್ನು ಮಾತ್ರ.

ಅತ್ಯುತ್ತಮವಾಗಿ ಕೆಲಸ ಮಾಡಿದ್ದು ತಾಯಿಯ ರಕ್ತದೊತ್ತಡದ ವಿಷಯದಲ್ಲಿ. ಮೊದಲ ವಿಡಿಯೊ ಕರೆಯಲ್ಲಿ ನರ್ಸ್ ಅರ್ಧ ಗಂಟೆ ಕುಳಿತು ಅಳೆಯುವ ಕ್ರಮವನ್ನು ಕಲಿಸಿಕೊಟ್ಟರು: ಬೆನ್ನಿಗೆ ಆಸರೆ ಇರಬೇಕು, ಕಾಲಿನ ಮೇಲೆ ಕಾಲು ಹಾಕಬಾರದು, ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿಯ ತೋಳಿಗೆ ಸುತ್ತಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಐದು ನಿಮಿಷ ಮಾತಿಲ್ಲದೆ ಕುಳಿತು ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ಒತ್ತಡ ಹೆಚ್ಚಿದೆ ಎನ್ನಲು ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯಲ್ಲಿ ಅಳೆದಾಗ 135/85 ಗಡಿ ಎಂಬುದನ್ನೂ ತಿಳಿಸಿದರು. ಬಿಳಿ ಕೋಟು ಕಂಡೊಡನೆ ಒತ್ತಡ ಏರುವ ನನ್ನ ತಾಯಿಯಂಥವರಿಗೆ ಮನೆಯಲ್ಲಿ ಬರೆದಿಟ್ಟ ಅಂಕಿಗಳೇ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಎರಡನೆಯ ಕರೆಯಲ್ಲಿ ಕಿವಿ ಸ್ವಲ್ಪ ಮಂದವಾಗಿರುವ ಅವರ ಪರವಾಗಿ ನಾನೇ ಉತ್ತರ ಕೊಡುತ್ತಿದ್ದಾಗ ಡಾಕ್ಟರು ನಯವಾಗಿಯೇ ತಡೆದು, “ಅಮ್ಮನ ಬಾಯಿಂದಲೇ ಕೇಳಬೇಕು, ಫೋನನ್ನು ಅವರ ಕೈಗೆ ಕೊಟ್ಟು ನೀವು ಸ್ವಲ್ಪ ಹೊರಗಿರಿ” ಎಂದರು. ಎದ್ದು ನಿಂತಾಗ ತಲೆ ಸುತ್ತುತ್ತದೆಂದು ತಾಯಿ ಎರಡು ವಾರದಿಂದ ಒಂದು ಮಾತ್ರೆಯನ್ನು ನುಂಗುತ್ತಲೇ ಇರಲಿಲ್ಲ ಎಂಬುದು ಹೊರಬಿದ್ದದ್ದು ಹಾಗೆ. ಒಂದೇ ಮನೆಯಲ್ಲಿದ್ದ ನನಗೆ ಅದು ತಿಳಿದಿರಲಿಲ್ಲ. ಕರೆಯ ಆ ಬದಿಯ ಕೋಣೆಯಲ್ಲಿ ಯಾರಿದ್ದಾರೆ, ರೋಗಿ ಬಿಚ್ಚುಮನಸ್ಸಿನಿಂದ ಮಾತನಾಡುವ ಸ್ಥಿತಿಯಲ್ಲಿದ್ದಾರೆಯೇ ಎಂದು ವಿಚಾರಿಸದ ವೈದ್ಯರ ಬಳಿ ಇಂಥ ಸಂಗತಿಗಳು ಎಂದಿಗೂ ಬಾಯಿಗೆ ಬರಲಾರವು.

ಮಗಳಿಗೆ ಜ್ವರ, ಕೆಮ್ಮು ಬಂದಾಗ ವಿಡಿಯೊ ಕರೆ ಮಾಡಿದ್ದೆವು. ಡಾಕ್ಟರು ಅಂಗಿ ಮೇಲಕ್ಕೆತ್ತಿಸಿ, ಎದೆ ಮತ್ತು ಹೊಟ್ಟೆ ಎರಡೂ ಕಾಣುವಂತೆ ಫೋನನ್ನು ದಿಂಬಿಗೆ ಒರಗಿಸಿಡಲು ಹೇಳಿ, ಉಸಿರು ಎಣಿಸತೊಡಗಿದರು. ನಡುವೆ ಚಿತ್ರ ಎರಡು ಮೂರು ಸೆಕೆಂಡು ನಿಂತುಹೋಯಿತು. ಅವರು ತಕ್ಷಣ ಎಣಿಕೆಯನ್ನು ಕೈಬಿಟ್ಟು, “ತೆರೆಯ ಮೇಲೆ ಎಣಿಸಿದ್ದನ್ನು ನಾನು ನಂಬುವುದಿಲ್ಲ, ನೀವು ಅಂಗೈಯನ್ನು ಮಗುವಿನ ಹೊಟ್ಟೆಯ ಮೇಲೆ ಹಗುರವಾಗಿಟ್ಟು ಎಣಿಸಿ, ನಾನು ಗಡಿಯಾರ ನೋಡುತ್ತೇನೆ” ಎಂದರು. ಪೂರ್ತಿ ಒಂದು ನಿಮಿಷಕ್ಕೆ ನಲವತ್ತನಾಲ್ಕು ಬಂತು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರನ್ನು ವಿಶ್ವ ಆರೋಗ್ಯ ಸಂಸ್ಥೆ ವೇಗದ ಉಸಿರಾಟವೆಂದು ಪರಿಗಣಿಸುತ್ತದೆ. ಮುಂದಿನ ಮಾತೇ “ಈಗಲೇ ಕರೆದುಕೊಂಡು ಬನ್ನಿ” ಎಂಬುದಾಗಿತ್ತು. ಸ್ಟೆತೊಸ್ಕೋಪಿಗೆ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕೇಳಿಸಿದ ಸದ್ದು ಯಾವ ಕ್ಯಾಮೆರಾಕ್ಕೂ ಸಿಗುತ್ತಿರಲಿಲ್ಲ. ನ್ಯುಮೋನಿಯಾ ಆಗಷ್ಟೇ ಶುರುವಾಗಿತ್ತು. ಈ ಸೇವೆಯಲ್ಲಿ ನಾನು ಕಂಡ ಅತ್ಯಂತ ಸುರಕ್ಷಿತ ಕ್ಷಣ ಇದು. ಉಪಕರಣದ ಮಿತಿಯನ್ನು ರೋಗಿಯ ಎದುರೇ ಒಪ್ಪಿಕೊಂಡು, ‘ಬನ್ನಿ’ ಎನ್ನಲು ಹಿಂಜರಿಯದ ವೈದ್ಯರಿದ್ದರೆ ದೂರದಿಂದ ನೋಡುವುದರ ಅರ್ಧದಷ್ಟು ಅಪಾಯ ಅಲ್ಲಿಗೇ ಕಳೆಯಿತು ಎಂದು ನಾನು ನಂಬುತ್ತೇನೆ.

ಫೋನಿನಲ್ಲಿ ರೋಗ ಗುರುತಿಸುವ ಆಸೆ ಹೊಸದೇನಲ್ಲ. 1876ರಲ್ಲಿ ಟೆಲಿಫೋನ್ ಬಂತು. 1879ರಷ್ಟು ಹೊತ್ತಿಗೇ ಮಗುವೊಂದರ ಕೆಮ್ಮನ್ನು ತಂತಿಯ ಮೂಲಕ ಕೇಳಿಸಿಕೊಂಡು ಧೈರ್ಯ ಹೇಳಿದ ವೈದ್ಯರ ಸುದ್ದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಹಳೆಯ ಬಗೆಯ ಫೋನ್ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಮಾತು ತಿಳಿಯಲು ಅದು ಸಾಕು, ಎದೆಯ ಸದ್ದಿಗೆ ಸಾಲದು. ಒಂದೇ ಉಸಿರಿನಲ್ಲಿ ಎಷ್ಟು ಅಂಕಿ ಎಣಿಸಬಲ್ಲಿರಿ ಎಂದು ಫೋನಿನಲ್ಲಿ ಕೇಳಿ ಉಸಿರಾಟದ ತೊಂದರೆಯನ್ನು ಅಳೆಯುವ ಕ್ರಮ 2020ರ ಕೋವಿಡ್ ಕಾಲದಲ್ಲಿ ಹಬ್ಬಿತ್ತು. ಫೋನಿನಲ್ಲಿ ಅದನ್ನು ನೆಚ್ಚಲು ಸಾಕಷ್ಟು ಆಧಾರವಿಲ್ಲವೆಂದು ಆಕ್ಸ್‌ಫರ್ಡಿನ ತಜ್ಞರು ಆಗಲೇ ಎಚ್ಚರಿಸಿದ್ದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಮೇಲೂ ಪೂರ್ಣ ಭರವಸೆ ಸಲ್ಲದು. ಚರ್ಮದ ಬಣ್ಣ ಗಾಢವಾಗಿದ್ದವರಲ್ಲಿ ಅದು ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು ಎಂಬುದನ್ನು ಅದೇ ವರ್ಷ ಅಮೆರಿಕದ ಅಧ್ಯಯನವೊಂದು ಎತ್ತಿ ತೋರಿಸಿತು. ಚರ್ಮದ ದದ್ದಿಗಂತೂ ವಿಡಿಯೊಕ್ಕಿಂತ ಹಗಲು ಬೆಳಕಿನಲ್ಲಿ ತೆಗೆದು ಮೊದಲೇ ಕಳಿಸಿದ ಫೋಟೊ ಎಷ್ಟೋ ಮೇಲು ಎಂಬುದು ನಮ್ಮ ಅನುಭವ.

ಇನ್ನು ನನ್ನದೇ ಪ್ರಕರಣ. ಹೊಟ್ಟೆನೋವೆಂದು ಫೋನ್ ಮಾಡಿದಾಗ ಮೊದಲ ದಿನ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ಬರೆದುಕೊಟ್ಟರು; ಆ ದಿನದ ಮಟ್ಟಿಗೆ ಅದು ತಪ್ಪೆಂದು ನಾನು ಹೇಳಲಾರೆ. ಮರುದಿನ ಕರೆ ಮಾಡಿದಾಗ ಮಾತನಾಡಿದವರು ಬೇರೆ ಡಾಕ್ಟರು. ಅವರು ಹಿಂದಿನ ಟಿಪ್ಪಣಿ ಓದಿ, “ಮಾತ್ರೆ ತೆಗೆದುಕೊಂಡಿರಾ, ನೋವು ಹೇಗಿದೆ” ಎಂದು ಕೇಳಿದರು, “ಹಾಗೇ ಇದೆ” ಎಂದೆ, ಮಾತ್ರೆ ಮುಂದುವರಿಸಲು ಹೇಳಿದರು. ವಾಸ್ತವವಾಗಿ ನೋವು ಹಾಗೇ ಇರಲಿಲ್ಲ. ಹೊಕ್ಕುಳದ ಸುತ್ತ ಇದ್ದದ್ದು ಬಲಗಡೆ ಕೆಳಕ್ಕೆ ಸರಿದಿತ್ತು. ಪಕ್ಕೆಲುಬಿನ ಕೆಳಗಿನಿಂದ ತೊಡೆಸಂದಿನವರೆಗೂ ಎಲ್ಲವನ್ನೂ ನಾವು ‘ಹೊಟ್ಟೆ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಎದುರಿಗಿದ್ದಿದ್ದರೆ ನನ್ನ ಕೈ ತಾನಾಗಿಯೇ ನೋವಿದ್ದ ಜಾಗಕ್ಕೆ ಹೋಗುತ್ತಿತ್ತು, ಫೋನಿನಲ್ಲಿ ಆ ಕೈ ಯಾರಿಗೂ ಕಾಣಿಸಲಿಲ್ಲ, ಎಲ್ಲಿ ಎಂದು ಯಾರೂ ಕೇಳಲಿಲ್ಲ, ನನಗೂ ಹೇಳಲು ತೋಚಲಿಲ್ಲ. ಮೂರನೆಯ ದಿನ ನೇರವಾಗಿ ಹೋದಾಗ ಡಾಕ್ಟರು ಬಲಗಡೆ ಮೆಲ್ಲನೆ ಒತ್ತಿ ತಟ್ಟನೆ ಕೈ ತೆಗೆದರು. ಒತ್ತಿದಾಗ ಇದ್ದದ್ದಕ್ಕಿಂತ ಬಿಟ್ಟಾಗ ನೋವು ಹೆಚ್ಚಾಗಿ ನಾನು ಕೂಗಿಕೊಂಡೆ. ಅಂದು ರಾತ್ರಿಯೇ ಅಪೆಂಡಿಕ್ಸ್ ಆಪರೇಷನ್ ಆಯಿತು. ಅದು ಒಡೆದಿರಲಿಲ್ಲ ಎಂಬುದು ನನ್ನ ಪುಣ್ಯ.

ಬ್ರಿಟನ್ನಿನ ಪ್ರಾಥಮಿಕ ಆರೋಗ್ಯಸೇವೆಯಲ್ಲಿ ದೂರದ ಸಮಾಲೋಚನೆಗಳ ವೇಳೆ ನಡೆದ 95 ಸುರಕ್ಷತಾ ಪ್ರಕರಣಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವನ್ನು ಆಮೇಲೆ ಓದಿದೆ. ಸಾವು ಮತ್ತು ಗಂಭೀರ ಹಾನಿ ತೀರ ಅಪರೂಪ ಎಂದೇ ಅದು ಹೇಳುತ್ತದೆ; ಆದರೆ ಹಾನಿಯಾದ ಕಡೆಗಳಲ್ಲಿ ರೋಗ ಗುರುತಿಸುವುದು ತಪ್ಪಿದ್ದು ಅಥವಾ ತಡವಾದದ್ದು, ತೀವ್ರತೆಯನ್ನು ಕಡಿಮೆ ಅಂದಾಜಿಸಿದ್ದು, ಮುಂದೇನು ಮಾಡಬೇಕೆಂದು ಸರಿಯಾಗಿ ತಿಳಿಸದಿದ್ದದ್ದು ಕಂಡುಬಂದಿವೆ. ನನ್ನ ಎರಡನೆಯ ಕರೆಯಲ್ಲಿ ಇವು ಮೂರೂ ಇದ್ದವು. ಒಂದೇ ತೊಂದರೆಗೆ ರೋಗಿ ಎರಡನೆಯ ಸಲ ಕರೆ ಮಾಡಿದರೆ ಅವರನ್ನು ಎದುರಿಗೇ ನೋಡಬೇಕು ಎಂಬ ನಿಯಮವನ್ನು ಈ ಕ್ಲಿನಿಕ್ ಮಾಡಿಕೊಳ್ಳಲೇಬೇಕು. ಇದರಲ್ಲಿ ನಾನು ರಾಜಿಯಾಗಲಾರೆ.

ಮಗಳನ್ನು ನೋಡಿದ ಡಾಕ್ಟರು ಪ್ರತಿ ಕರೆಯ ಕೊನೆಗೆ ಯಾವ ಲಕ್ಷಣ ಕಂಡರೆ, ಎಷ್ಟು ಹೊತ್ತಿನೊಳಗೆ, ಎಲ್ಲಿಗೆ ಹೋಗಬೇಕೆಂದು ಹೇಳಿ, ಅದನ್ನು ನಮ್ಮಿಂದಲೇ ಒಮ್ಮೆ ಹೇಳಿಸಿ, ಸಂದೇಶವಾಗಿಯೂ ಕಳಿಸುತ್ತಾರೆ. ಉಳಿದವರಲ್ಲಿ ಕೆಲವರು ‘ಹೆಚ್ಚಾದರೆ ನೋಡೋಣ’ ಎಂದು ಫೋನ್ ಇಡುತ್ತಾರೆ. ಎಷ್ಟು ಹೆಚ್ಚಾದರೆ, ಯಾವಾಗ ಎಂಬುದನ್ನು ನೋವಿನಲ್ಲಿರುವವರೇ ನಿರ್ಧರಿಸಬೇಕಾಗುತ್ತದೆ. ಸ್ವಾಗತದ ಸಿಬ್ಬಂದಿ ಮಾತ್ರ ಚೆನ್ನಾಗಿ ತರಬೇತಾದವರು. ಎದೆನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇವೆಯೇ ಎಂದು ಮೊದಲೇ ಕೇಳಿ, ಇದೆಯೆಂದರೆ ಡಾಕ್ಟರ ಕರೆಗೆ ಕಾಯಿಸದೆ ಆಂಬುಲೆನ್ಸ್ ಕರೆಯಲು ಹೇಳುತ್ತಾರೆ.

ಸರಿಹೋಗದ ಲೋಪ ಇನ್ನೊಂದಿದೆ. ಡಾಕ್ಟರ ಕರೆ ನಂಬರು ಕಾಣಿಸದ ಫೋನಿನಿಂದ ಬರುತ್ತದೆ, ಯಾವ ಹೊತ್ತಿಗೆಂದು ಮೊದಲೇ ತಿಳಿಸುವುದಿಲ್ಲ. ಒಮ್ಮೆ ತಾಯಿ ಸ್ನಾನಕ್ಕೆ ಹೋಗಿದ್ದಾಗ ಕರೆ ಬಂದು ನಿಂತಿತು, ‘ರೋಗಿ ಉತ್ತರಿಸಲಿಲ್ಲ’ ಎಂದು ನಮೂದಿಸಿ ಅವರ ಕೋರಿಕೆಯನ್ನೇ ಮುಚ್ಚಿಬಿಟ್ಟರು. ಉತ್ತರ ಬಾರದಿರುವುದಕ್ಕೆ ಪ್ರಜ್ಞೆ ತಪ್ಪಿರುವುದೂ ಕಾರಣವಾಗಿರಬಹುದಲ್ಲವೇ ಎಂದು ಕ್ಲಿನಿಕ್ಕಿಗೆ ಪತ್ರ ಬರೆದೆ. ಈಗ ಹತ್ತು ನಿಮಿಷ ಬಿಟ್ಟು ಎರಡನೆಯ ಸಲ ಕರೆ ಮಾಡುತ್ತಾರೆ. ಅದಕ್ಕೂ ಉತ್ತರ ಬಾರದಿದ್ದರೆ ಮನೆಯ ಇನ್ನೊಬ್ಬರ ನಂಬರಿಗೆ ಮಾಡಬೇಕೆಂಬ ನನ್ನ ಕೋರಿಕೆ ಇನ್ನೂ ಅವರ ಪರಿಶೀಲನೆಯಲ್ಲಿದೆ.